ಟೊಪ್ಪಿಗೆ ಹಾಕಿದ ತೆನೆ

ಮಾರ್ಚ್ ತಿಂಗಳು ಬಂತೆಂದರೆ ನಾನು ಒಂದು ವಾಕ್ಯವನ್ನು ಟೈಪ್ ಮಾಡಲೇಬೇಕಿತ್ತು. ರಾಷ್ಟ್ರದ ಪ್ರಗತಿಯಲ್ಲಿ ನಮ್ಮ ವಿಶ್ವವಿದ್ಯಾಲಯ ಮಹತ್ವದ ಪಾತ್ರ ವಹಿಸುತ್ತಿದೆ ಎಂಬ ವಾಕ್ಯ. ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅದು ಇರಬೇಕು, ಮದುವೆ ಪತ್ರಿಕೆಯ ತಲೆಯ ಮೇಲೆ ಗಣಪತಿ ಇದ್ದ ಹಾಗೆ. ಕುಲಪತಿಗಳು ಬದಲಾದರು, ಟೈಪ್‌ರೈಟರ್ ಬದಲಾಯಿತು, ನನ್ನ ಕನ್ನಡಕದ ನಂಬರು ಬದಲಾಯಿತು. ವಾಕ್ಯ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮೊದಮೊದಲು ಅದನ್ನು ಹೊಡೆಯುವಾಗ ನನಗೆ ನಗು ಬರುತ್ತಿತ್ತು. ಪಾತ್ರ ವಹಿಸುವುದಿರಲಿ, ಆಗ ನಮ್ಮಲ್ಲಿ ಎಲ್ಲರಿಗೂ ಕೂಡಲು ಕುರ್ಚಿಯೇ ಇರಲಿಲ್ಲ.

ಆ ವಾಕ್ಯವನ್ನು ನಾನು ನಂಬುವ ಹಾಗೆ ಮಾಡಿದವಳು ಶಿವದೇವಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಕಥೆ ಶುರುವಾಗುವುದೇ ಅವಳು ಮಾಡಿದ ಒಂದು ದೊಡ್ಡ ಅವಾಂತರದಿಂದ, ಹಾಗಾಗಿ ಹೊಗಳುವುದನ್ನು ಆಮೇಲೆ ನೋಡಿಕೊಳ್ಳೋಣ.

ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ, ಊರು ಮುಗಿಯಿತು ಅಂದುಕೊಂಡ ಮೇಲೂ ಒಂದಷ್ಟು ದೂರ ಹೋದರೆ ನಮ್ಮ ಕೃಷಿ ವಿಶ್ವವಿದ್ಯಾಲಯ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿದ್ದದ್ದು ದೊಡ್ಡ ದೊಡ್ಡ ಬಂಡೆಗಳು, ಸೀತಾಫಲದ ಪೊದೆಗಳು, ತಗಡಿನ ಎರಡು ಶೆಡ್ಡು, ಅರ್ಧ ಕಟ್ಟಿದ ಒಂದು ಕಟ್ಟಡ. ಆ ಅರ್ಧ ಕಟ್ಟಡದಲ್ಲಿ ಜೋಳದ ವಿಭಾಗ. ನಾನು ಅದರ ಟೈಪಿಸ್ಟ್ ನಲಿನಿ. ಕಿಟಕಿಗಳಿಗೆ ಬಾಗಿಲು ಕೂಡಿಸಿರಲಿಲ್ಲವಾದ್ದರಿಂದ ಗುಬ್ಬಿಗಳು ನನ್ನ ಟೈಪ್‌ರೈಟರಿನೊಳಗೆ ಹುಲ್ಲು ತಂದು ಇಡುತ್ತಿದ್ದವು. ಬೆಳಿಗ್ಗೆ ಬಂದ ಕೂಡಲೇ ನನ್ನ ಮೊದಲ ಕೆಲಸ ಅವುಗಳ ಸಂಸಾರ ಕಿತ್ತು ಹಾಕುವುದು.

ನಮ್ಮ ಮನೆ ನಾಂಪಲ್ಲಿಯಲ್ಲಿ. ತಂದೆ ನಿಜಾಮರ ಕಾಲದಿಂದಲೂ ಸರಕಾರಿ ನೌಕರಿಯಲ್ಲಿದ್ದವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಟಾಂಗಾ ಹತ್ತಿದರೆ ಉರ್ದು. ಊಟಕ್ಕೆ ಮಾತ್ರ ಯಾವ ಗೊಂದಲವೂ ಇಲ್ಲ, ರೊಟ್ಟಿಯೇ ಬೇಕು. ಆದರೆ ಆ ವರ್ಷಗಳಲ್ಲಿ ರೇಶನ್ ಅಂಗಡಿಯಲ್ಲಿ ಕೊಡುತ್ತಿದ್ದದ್ದು ಹಡಗಿನಲ್ಲಿ ಬಂದ ಕೆಂಪು ಜೋಳ. ನಮ್ಮ ತಾಯಿ ತುಳಸಾಬಾಯಿ ಅದರ ಹಿಟ್ಟಿಗೆ ಕುದಿನೀರು ಹಾಕಿ, ನಾದಿ, ಬಡಿದು, ಬೈದು, ಕೊನೆಗೆ ಗಂಜಿ ಕಾಯಿಸಿ ಸುಮ್ಮನಾಗುತ್ತಿದ್ದಳು. ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹೋಳು ಹೋಳು.

"ಪರದೇಶದ ಹಿಟ್ಟವಾ ಇದು. ನನ್ನ ಕೈ ಮಾತು ಕೇಳವಲ್ದು," ಎನ್ನುತ್ತಿದ್ದಳು.

ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಬಸವಲಿಂಗಪ್ಪ. ಕೊಪ್ಪಳದ ಕಡೆಯವರು, ಅಮೆರಿಕಕ್ಕೆ ಹೋಗಿ ಓದಿ ಬಂದವರು, ಒಣಕಲು ಮನುಷ್ಯ. ನಕ್ಕರೆ ಸಂಬಳ ಹಿಡಿಯುತ್ತಾರೇನೋ ಎಂಬಂತೆ ಇರುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಹುಚ್ಚು. ನಮ್ಮ ರಾಯಚೂರು ಸೀಮೆಯ ಬಿಳಿ ಜೋಳದ ರುಚಿ ಹೆಸರಾದದ್ದು, ಆದರೆ ಅದು ಆಳೆತ್ತರ ಬೆಳೆದು ಗಾಳಿಗೆ ಮಲಗಿಬಿಡುತ್ತದೆ, ಕಾಳು ಕಡಿಮೆ. ಸಮುದ್ರದಾಚೆಯಿಂದ ಬಂದ ಒಂದು ಗಿಡ್ಡ ತಳಿಗೆ ಕಾಳು ಕಿಕ್ಕಿರಿದು ಬರುತ್ತದೆ, ಆದರೆ ರುಚಿ ದೇವರಿಗೇ ಪ್ರೀತಿ. ಇವೆರಡನ್ನೂ ಕೂಡಿಸಿ, ರುಚಿ ಇಲ್ಲಿಯದು ಇಳುವರಿ ಅಲ್ಲಿಯದು ಆಗುವಂಥ ಜೋಳ ಮಾಡಬೇಕು ಎಂಬುದೇ ಆ ಹುಚ್ಚು. ಎರಡು ವರ್ಷ ಪ್ರಯತ್ನಪಟ್ಟಿದ್ದರು. ಒಂದು ಹೂ ಬಿಟ್ಟಾಗ ಇನ್ನೊಂದು ಬಿಡದೆ ಎರಡು ವರ್ಷವೂ ಕೆಟ್ಟಿತ್ತು.

ಮೂರನೆಯ ವರ್ಷ ಎರಡೂ ಕೂಡಿ ಹೂ ಬಿಟ್ಟವು. ಡಾಕ್ಟರು ಊಟ ನಿದ್ದೆ ಬಿಟ್ಟು ಬಿಳಿ ಜೋಳದ ತೆನೆಗಳ ಸಣ್ಣ ಸಣ್ಣ ಹೂಗಳಿಂದ ಗಂಡು ಕೇಸರವನ್ನು ಚಿಮಟದಿಂದ ಕಿತ್ತು, ಗಿಡ್ಡ ಜೋಳದ ಪರಾಗ ಉದುರಿಸಿ, ಬೇರೆ ಪರಾಗ ಸೋಕದಂತೆ ಒಂದೊಂದು ತೆನೆಗೂ ಕಾಗದದ ಚೀಲ ತೊಡಿಸಿದರು. ಒಂದು ಸಾಲಿನ ತೆನೆಗಳಷ್ಟೇ. ಅವು ಬಲಿತು ಬೀಜವಾದರೆ ಕೆಲಸ ಶುರುವಾದಂತೆ, ಇಲ್ಲದಿದ್ದರೆ ಇಲ್ಲ. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇಷ್ಟು ದೊಡ್ಡ ದೇಶದ ಹಸಿವಿಗೆ ಇಷ್ಟುದ್ದದ ಒಂದು ಸಾಲು.

ಆ ಚಳಿಗಾಲದಲ್ಲೇ ಮಾನ್ವಿ ಕಡೆಯ ಹಳ್ಳಿಯಿಂದ ಶಿವದೇವಿ ಬಂದಳು. ಅವಳ ಗಂಡ ಸೂಗಪ್ಪ ನಮ್ಮಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ, ದಿನಗೂಲಿಯ ಮೇಲೆ. ಫೀಲ್ಡ್ ಅಸಿಸ್ಟೆಂಟ್ ಹನುಮಂತ ಅವಳನ್ನು ಹಕ್ಕಿ ಕಾಯಲು ಹಾಕಿಕೊಂಡ. ಎತ್ತರದ ಹೆಣ್ಣು, ಇಳಕಲ್ ಸೀರೆ, ಕಾಸಿನಗಲ ಕುಂಕುಮ. ಕವಣೆ ಬೀಸಿದರೆ ಗಿಳಿಗಳು ನೆಟ್ಟಗೆ ಗೋಲ್ಕೊಂಡಕ್ಕೆ ಹೋಗಬೇಕು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನ್ನ ಜೊತೆ ಬಂದು ಕೂಡುತ್ತಿದ್ದಳು, ಕನ್ನಡದ ಮಾತು ಸಿಗುತ್ತದೆಂದು.

"ಇಲ್ಲಿ ಎಲ್ಲಾ ಚಲೋ ಐತ್ರಿ ಬಾಯಾರ. ಜೋಳಕ್ಕ ಯಾಕ ಇಷ್ಟು ಮಂದಿ ಓದಿದವರು ಬೇಕು ಅನ್ನೂದು ಮಾತ್ರ ತಿಳಿಯಂಗಿಲ್ಲ," ಎಂದಳು ಒಂದು ದಿನ. ನನಗೂ ಅದೇ ಸಂಶಯವಿತ್ತು.

ದಿಲ್ಲಿಯಿಂದ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು. ಯೋಜನೆ ಮುಂದುವರಿಯಬೇಕೋ ಮುಚ್ಚಬೇಕೋ ಅವರ ಮಾತಿನ ಮೇಲೆ. ಡಾಕ್ಟರು ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಹೋದರು. ಹನುಮಂತ ಸೂಗಪ್ಪನಿಗೆ, ಬೇವಿನ ಮರದ ಕೆಳಗೆ ಕಸ ಗುಡಿಸಿ ಕುರ್ಚಿ ಹಾಕಿಸು, ಕುಡಿಯಲು ನೀರು ಇಡಿಸು, ಎಂದು ಹೇಳಿ ಊಟಕ್ಕೆ ಹೋದ. ಸೂಗಪ್ಪ ಅದನ್ನು ಹೆಂಡತಿಗೆ ಹೇಳಿದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹಿಂಗಾರಿ ಜೋಳ ಹಾಲುಗಟ್ಟಿ ಬಲಿಯುವ ಮುಂಚೆ ಎಳೆಯ ತೆನೆಗಳನ್ನು ಕೊಯ್ದು, ಕುಳ್ಳಿನ, ಅಂದರೆ ಬೆರಣಿಯ, ಕೆಂಡದ ಮೇಲೆ ಸುಟ್ಟು, ಉಜ್ಜಿ ಕಾಳು ಬಿಡಿಸಿ ತಿನ್ನುತ್ತಾರೆ. ಅದಕ್ಕೆ ಸೀತನಿ ಎನ್ನುತ್ತಾರೆ. ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬೆಲ್ಲ, ಮೊಸರಿನ ಜೊತೆ ಅದನ್ನು ಒಮ್ಮೆ ತಿಂದವರು ಮತ್ತೆ ಬೇರೆ ಮಾತಾಡುವುದಿಲ್ಲ. ಸೀತನಿ ಕಾಲದಲ್ಲಿ ಹೊಲಕ್ಕೆ ಬಂದ ಅತಿಥಿಗೆ ಬರೀ ನೀರು ಕೊಟ್ಟು ಕಳಿಸಿದರೆ ಆ ಮನೆತನದ ಮರ್ಯಾದೆ ಹೋದಂತೆ. ಶಿವದೇವಿಯ ಊರಲ್ಲಿ ಇನ್ನೂ ಒಂದು ಪದ್ಧತಿ ಇತ್ತಂತೆ. ಬೀಗರು ಬರುವವರಿದ್ದರೆ ಒಳ್ಳೊಳ್ಳೆಯ ತೆನೆಗಳಿಗೆ ಮೊದಲೇ ಅರಿವೆ ಸುತ್ತಿ ಕಟ್ಟಿರುತ್ತಾರೆ, ಹಕ್ಕಿ ಮುಟ್ಟಬಾರದೆಂದು. ಅರಿವೆ ಕಟ್ಟಿದ ತೆನೆ ಅಂದರೆ ಬೀಗರ ತೆನೆ.

ನಮ್ಮ ಹೊಲದಲ್ಲಿ ಒಂದು ಸಾಲಿನ ತೆನೆಗಳಿಗೆ ಮಾತ್ರ ಕಾಗದದ ಟೊಪ್ಪಿಗೆ ಇತ್ತು. ಯಾಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ದಿಲ್ಲಿಯವರ ಹಿಂದೆ ಬೇವಿನ ಮರದ ಹತ್ತಿರ ಬಂದಾಗ ಹೊಗೆಯ ವಾಸನೆ ಘಮ್ಮೆಂದಿತು. ಮುತ್ತುಗದ ಎಲೆಗಳಲ್ಲಿ ಹಸಿರು ಮುತ್ತಿನಂಥ ಬಿಸಿ ಕಾಳು, ಪಕ್ಕದಲ್ಲಿ ಹಿಂಡಿ, ಬೆಲ್ಲದ ಚೂರು. ಶಿವದೇವಿ ಸೆರಗು ಹೊದ್ದು ಒಂದು ಬದಿಗೆ ನಿಂತಿದ್ದಳು. ದಿಲ್ಲಿಯವರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು, ಇನ್ನೊಂದು ಹಿಡಿ ತೆಗೆದುಕೊಂಡರು. ಡಾಕ್ಟರೂ ತಿಂದರು. ಅವರ ಮುಖದಲ್ಲಿ ನಾನು ಮೊದಲ ಸಲ ನಗು ಕಂಡೆ. ನನಗೂ ಒಂದು ಎಲೆ ಬಂತು, ನಾನೂ ಬಿಡಲಿಲ್ಲ.

"ಬಹುತ್ ಖೂಬ್. ಇದು ಯಾವ ತಳಿ?" ಎಂದು ದಿಲ್ಲಿಯವರು ಕೇಳಿದರು.

ಡಾಕ್ಟರು ಶಿವದೇವಿಯತ್ತ ತಿರುಗಿ ಕೇಳಿದರು: "ಯಾವ ಹೊಲದವು ಇವು, ತಂಗಿ?"

"ನಿಮ್ಮವೇ ರೀ ಸಾಹೇಬ್ರ. ಬೀಗರಿಗಂತ ಟೊಪ್ಪಿಗಿ ಹಾಕಿ ಇಟ್ಟಿದ್ರಲ್ಲ, ಅವು. ಕಾಳು ಭಾಳ ಕಡಿಮಿ ಇದ್ವು ರಿ. ಅದಕ್ಕ ಇಡೀ ಸಾಲನ್ನ ಕೊಯ್ಬೇಕಾತು."

ಡಾಕ್ಟರ ದವಡೆ ನಿಂತಿತು. ಬಾಯಲ್ಲಿದ್ದದ್ದನ್ನು ಅವರು ಉಗುಳಲಿಲ್ಲ, ನುಂಗಲು ಅವರಿಂದ ಆಗುತ್ತಿರಲಿಲ್ಲ. ಅಂಗೈಯಲ್ಲಿ ಉಳಿದಿದ್ದ ಕಾಳುಗಳನ್ನು ನೋಡಿದರು. ಸುಟ್ಟ ಕಾಳು ಮೊಳೆಯುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು, ಆದರೂ ಅವನ್ನು ಮೆಲ್ಲಗೆ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ದಿಲ್ಲಿಯವರಿಗೆ, ಊರಿನ ಬಿಳಿ ಜೋಳ ಸಾರ್, ಎಂದರು. ದಿಲ್ಲಿಯವರು ಎಲೆ ಖಾಲಿ ಮಾಡಿ, ಇಂಥ ರುಚಿ ಉಳಿಸುವ ಯೋಜನೆ ಮುಂದುವರಿಯಲೇಬೇಕು ಎಂದು ನನಗೆ ಬರೆಸಿ ಕಾರು ಹತ್ತಿದರು. ತಾವು ತಿಂದದ್ದು ಯೋಜನೆಯನ್ನೇ ಎಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ನನ್ನ ಹೊಟ್ಟೆಯಲ್ಲೂ ರಾಷ್ಟ್ರದ ಪ್ರಗತಿ ಒಂದು ಹಿಡಿಯಷ್ಟಿತ್ತು.

ಕಾರು ಮರೆಯಾದ ಮೇಲೆ ಹನುಮಂತ ಶಿವದೇವಿಯ ಮೇಲೆ ಹರಿಹಾಯ್ದ. ಅವಳೂ ಬೇಡ, ಸೂಗಪ್ಪನೂ ಬೇಡ, ನಾಳೆಯಿಂದ ಇಬ್ಬರೂ ಈ ಕಡೆ ಮುಖ ಹಾಕಬಾರದು ಅಂದ. ಸೂಗಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಏನು ತಪ್ಪಾಯಿತೆಂದು ಪಾಪ, ಗಂಡ ಹೆಂಡತಿ ಇಬ್ಬರಿಗೂ ಗೊತ್ತಿಲ್ಲ. ಡಾಕ್ಟರು ಯಾರ ಮಾತನ್ನೂ ಕೇಳಿಸಿಕೊಳ್ಳದೆ ಸಾಲಿನ ಕಡೆ ನಡೆದರು. ನಾವೂ ಹಿಂದೆ ಹೋದೆವು. ಗೋಣು ಕೊಯ್ದ ದಂಟುಗಳು ಸಾಲಾಗಿ ನಿಂತಿದ್ದವು. ಸಾಲಿನ ತುದಿಯಲ್ಲಿ ಒಂದೇ ಒಂದು ತೆನೆ, ಟೊಪ್ಪಿಗೆ ಸಮೇತ, ಹಾಗೇ ಇತ್ತು.

"ಇದನ್ಯಾಕ ಬಿಟ್ಟಿ?" ಎಂದು ಡಾಕ್ಟರು ಕೇಳಿದರು.

"ಸಾಲು ಬರಿದು ಮಾಡಬಾರದ್ರಿ. ಭೂತಾಯಿಗಂತ ಒಂದು ಬಿಡಬೇಕು."

ಡಾಕ್ಟರು ಬದುವಿನ ಮೇಲೆ ಕುಕ್ಕರಿಸಿ ಕೂತುಬಿಟ್ಟರು. ಬೈಯುತ್ತಾರೆಂದು ನಾವು ಕಾದೆವು. ಅವರು ಬೈಯಲಿಲ್ಲ. ಶಿವದೇವಿಯನ್ನು ಎದುರಿಗೆ ಕೂಡಿಸಿಕೊಂಡು, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು.

"ರೇಶನ್ ಅಂಗಡಿ ಕೆಂಪು ಜೋಳ ತಿಂದಿಯಿಲ್ಲ?"

"ತಿಂದೀನ್ರಿ. ರೊಟ್ಟಿ ಆಗಂಗಿಲ್ರಿ ಅದು."

"ಅದು ಹಡಗಿನಾಗ ಬರತೈತಿ. ಹಡಗು ಬರಲಿಲ್ಲ ಅಂದ್ರ ನಾವು ಉಪವಾಸ. ಅದಕ್ಕ ನಿಮ್ಮ ಊರ ಕಡೆ ಜೋಳನ ತಾಯಿ ಮಾಡೀನಿ, ಹೊರಗಿನ ಗಿಡ್ಡ ಜೋಳನ ತಂದಿ ಮಾಡೀನಿ. ಅವರಿಬ್ಬರ ಕೂಸು ಈ ಟೊಪ್ಪಿಗಿ ಒಳಗ ಐತಿ. ಆ ಕೂಸು ಬೆಳೀತು ಅಂದ್ರ ಹಡಗಿನ ದಾರಿ ಕಾಯೂದು ಬ್ಯಾಡ."

ಶಿವದೇವಿ ಗೋಣು ಕೊಯ್ದ ದಂಟುಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಆಗ ತಿಳಿಯಿತು. ಉಳಿದೊಂದು ತೆನೆಯ ಕಡೆ ತಿರುಗಿ ಕೇಳಿದಳು: "ಇದೊಂದು ತೆನಿ ಸಾಲತೈತೇನ್ರಿ?"

"ಸಾಲತೈತಿ. ಬಲೀಬೇಕು, ಅಷ್ಟ. ಇದಕ್ಕೇನರ ಆತು ಅಂದ್ರ ಮುಗೀತು."

"ಹಂಗಾರ ಇದನ್ನ ನನಗ ಬಿಡ್ರಿ ಸಾಹೇಬ್ರ. ನನ್ನ ಹೊಟ್ಟ್ಯಾಗಿನ ಕೂಸಿನಂಗ ನೋಡ್ಕೋತೀನಿ."

ಹನುಮಂತ ಬಾಯಿ ತೆರೆದು ಏನೋ ಹೇಳಹೊರಟ. ಡಾಕ್ಟರು ಕೈ ಎತ್ತಿ ತಡೆದು, ಆಗಲಿ, ಎಂದರು. ಯಾವ ಧೈರ್ಯದ ಮೇಲೆ ಅಂದರೋ ನನಗೆ ಇಂದಿಗೂ ಆಶ್ಚರ್ಯ. ಹೊರಡುವಾಗ ಶಿವದೇವಿ ಇನ್ನೊಂದು ಮಾತು ಹೇಳಿದಳು, ನನ್ನ ಎದುರಿಗೇ: "ಸಾಹೇಬ್ರ ಕೈಗೆ ತಪ್ಪಿಲ್ಲದ ಸೀತನಿ ಕೊಟ್ಟು, ಅವರು ತಿಂದ ಮ್ಯಾಲೆನ ನಾ ಸೀತನಿ ಮುಟ್ಟಾಕಿ. ಅಲ್ಲೀತನ ಬಿಟ್ಟೆ." ಜನ ಕಾಶಿಗೆ ಹೋಗಿ ಹಾಗಲಕಾಯಿ ಬಿಟ್ಟು ಬರುತ್ತಾರೆ, ಹೇಗೂ ತಿನ್ನುತ್ತಿರಲಿಲ್ಲವೆಂದು. ಇವಳು ಬಿಟ್ಟದ್ದು ಜೀವಕ್ಕಿಂತ ಹೆಚ್ಚಿನದನ್ನು.

ಅಂದಿನಿಂದ ಆ ಗಿಡದ ಸುತ್ತ ಅವಳ ಸಂಸಾರವೇ ನಡೆಯಿತು. ಬಿದಿರಿನ ಊರೆಗೋಲು ಕೊಟ್ಟಳು. ಇರುವೆ ಹತ್ತದಂತೆ ಬುಡಕ್ಕೆ ಬೂದಿ ಸುರಿದಳು. ಅಳಿಲಿಗೆ ಮುಳ್ಳಿನ ಬೇಲಿ, ಗಿಳಿಗೆ ಕವಣೆ, ಹನುಮಂತನಿಗೆ ಉರಿಗಣ್ಣು. ಅವನು ಹತ್ತಿರ ಬಂದರೂ "ದೂರಿಂದ ನೋಡ್ರಿ" ಎನ್ನುತ್ತಿದ್ದಳು. ನಾನು ಬೆಳಿಗ್ಗೆ ಗುಬ್ಬಿ ಗೂಡು ಕೀಳುವ ಮೊದಲು ಕಿಟಕಿಯಿಂದ ಒಮ್ಮೆ ಆ ಟೊಪ್ಪಿಗೆಯತ್ತ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ.

ಶಿವರಾತ್ರಿ ಹತ್ತಿರವಿತ್ತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಗೋಲ್ಕೊಂಡದ ದಿಕ್ಕಿನಿಂದ ಮೋಡ ಏರಿ ಬಂತು. ಗಾಳಿಗೆ ಶೆಡ್ಡಿನ ತಗಡು ಹಾರಿತು. ನನ್ನ ಮೇಜಿನ ಕಾಗದಗಳೆಲ್ಲ ಹೊಲದ ಪಾಲು. ಹಿಂದೆಯೇ ಆಲಿಕಲ್ಲು, ನೆಲ್ಲಿಕಾಯಿ ಗಾತ್ರದ್ದು. ಡಾಕ್ಟರು ಕೊಡೆಯನ್ನೂ ತೆಗೆದುಕೊಳ್ಳದೆ ಓಡಿದರು. ನಾನು ವರಾಂಡದಿಂದ ನೋಡಿದೆ. ಶಿವದೇವಿ ಆ ಗಿಡವನ್ನು ಎದೆಗೆ ಅವಚಿಕೊಂಡು ಬಾಗಿ ನಿಂತಿದ್ದಳು. ಸೆರಗನ್ನು ತೆನೆಯ ಮೇಲೆ ಮಡಿಚಿ ಮಡಿಚಿ ಹೊದಿಸಿದ್ದಳು, ತನ್ನ ತಲೆಯನ್ನು ಬರಿದೇ ಬಿಟ್ಟಿದ್ದಳು. ಅವಳ ಬೆನ್ನಿನ ಮೇಲೆ ಆಲಿಕಲ್ಲು ಬಿದ್ದು ಪುಟಿಯುತ್ತಿದ್ದವು. ಡಾಕ್ಟರು ಹೋಗಿ ಅವಳ ಮೇಲೆ ಗೋಣಿಚೀಲ ಹಿಡಿದು ನಿಂತರು. ಅಕ್ಷರ ಬಾರದ ಹೆಂಗಸು, ಅಮೆರಿಕಕ್ಕೆ ಹೋಗಿ ಬಂದ ಗಂಡಸು, ನಡುವೆ ಒಂದು ತೆನೆ. ಸುತ್ತಲಿನ ಬೆಳೆಯೆಲ್ಲ ನೆಲ ಕಚ್ಚಿತು, ಅದೊಂದು ದಂಟು ನಿಂತಿತ್ತು.

ತೆನೆ ಬಲಿಯಿತು. ಶಿವದೇವಿ ಮಿಂದು, ಮಡಿ ಸೀರೆ ಉಟ್ಟು ಬಂದು ಅದನ್ನು ಕೊಯ್ದು, ಉಡಿಯಲ್ಲಿಟ್ಟುಕೊಂಡು ಆಫೀಸಿನ ತನಕ ತಂದಳು. ಡಾಕ್ಟರ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಕಾಳು ಬಿಡಿಸಿದರು. ಒಂದು ಬೊಗಸೆಯೂ ಆಗಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದರೂ ನನಗೆ ಅರ್ಥವಾದದ್ದು ಶಿವದೇವಿಯ ಜೊತೆ ಹೊಲದಲ್ಲಿ ನಡೆದಾಗಲೇ. ಮೊದಲ ವರ್ಷ ಆ ಕಾಳುಗಳ ಗಿಡಗಳೆಲ್ಲ ಒಂದೇ ಅಚ್ಚು. ಅವುಗಳ ಬೀಜ ಬಿತ್ತಿದ ಮರುವರ್ಷ ನೋಡಬೇಕಿತ್ತು. ಒಂದರ ಹಾಗೆ ಇನ್ನೊಂದಿಲ್ಲ.

"ಒಂದ ತಾಯಿ ಮಕ್ಕಳು ರಿ ಬಾಯಾರ, ನೋಡ್ರಿ," ಎಂದು ಅವಳು ಬೆರಗಾಗಿ ತೋರಿಸಿದಳು. "ಇವ ಉದ್ದ, ಇಕಿ ಗಿಡ್ಡ, ಇವಗ ಸೊಕ್ಕು, ಇಕಿ ಪಾಪ ಬಡವಿ. ಇದೆಲ್ಲಾ ಆ ಒಂದು ಟೊಪ್ಪಿಗಿ ಒಳಗ ಹೆಂಗ ಕುಂತಿತ್ತು?"

ಆ ನೂರಾರು ಮಕ್ಕಳಲ್ಲಿ ಡಾಕ್ಟರು ವರ್ಷ ವರ್ಷವೂ ಆರಿಸುತ್ತ ಹೋದರು. ಈಗ ಚೀಲ ಹಾಕುವ ಕೆಲಸ ಶಿವದೇವಿಯದೇ. ಹೊಸದಾಗಿ ಬಂದ ಹೆಣ್ಣಾಳುಗಳಿಗೆ ಅವಳು ಮೊದಲು ಕಲಿಸುತ್ತಿದ್ದ ಪಾಠ, ಟೊಪ್ಪಿಗೆ ಇದ್ದದ್ದನ್ನು ಕಣ್ಣಿನಿಂದಲೂ ಮುಟ್ಟಬಾರದು ಎಂದು. ಅತ್ತ ಬಂಡೆಗಳು ಒಡೆದು ರಸ್ತೆಗಳಾದವು. ನನ್ನ ಕಿಟಕಿಗೆ ಬಾಗಿಲು ಬಂತು, ಗುಬ್ಬಿಗಳು ಮುನಿಸಿಕೊಂಡು ಹೋದವು. ಪ್ರಯೋಗಶಾಲೆ, ಗ್ರಂಥಾಲಯ, ಹಾಸ್ಟೆಲುಗಳು ಎದ್ದವು. ಶ್ರೀಕಾಕುಳಂನಿಂದ, ಅನಂತಪುರದಿಂದ ಹುಡುಗರು ಬಂದರು, ಆಮೇಲೆ ಹುಡುಗಿಯರೂ ಬಂದರು, ಸೈಕಲ್ ತುಳಿಯುತ್ತ, ಮಣ್ಣು ಮೆತ್ತಿದ ಕೈಯಲ್ಲಿ ಪುಸ್ತಕ ಹಿಡಿದು. ವರ್ಷಕ್ಕೊಮ್ಮೆ ಮೇಳಕ್ಕೆ ರೈತರು ಬಸ್ಸುಗಟ್ಟಲೆ ಬರತೊಡಗಿದರು. ರುಮಾಲಿನ ಮುದುಕರು ಪ್ರೊಫೆಸರುಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ನಾನು ಕಂಡೆ. ಸೂಗಪ್ಪನ ಕೆಲಸ ಖಾಯಂ ಆಯಿತು, ಎತ್ತಿನ ಬಂಡಿಯಿಂದ ಟ್ರ್ಯಾಕ್ಟರಿಗೆ ಬಡ್ತಿ ಪಡೆದು ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ.

ಆರಿಸಿ ಉಳಿದ ಜೋಳದ ಹಿಟ್ಟನ್ನು ಡಾಕ್ಟರು ಒಮ್ಮೆ ನನ್ನ ಕೈಯಲ್ಲಿ ಮನೆಗೆ ಕಳಿಸಿದರು. ನಮ್ಮ ತಾಯಿ ಹಿಟ್ಟು ನಾದಿ, ತಟ್ಟಿ, ಎತ್ತಿ ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು, ಹರಿಯಲಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕೈ ಮಾತು ಕೇಳ್ತದ ನಲಿನಿ," ಎಂದಳು. ಅಷ್ಟರ ಹೊತ್ತಿಗೆ ರೇಶನ್ ಅಂಗಡಿಯಲ್ಲಿ ಕೆಂಪು ಜೋಳ ಕಾಣೆಯಾಗಿತ್ತು. ಅದು ನಮ್ಮೊಬ್ಬರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ದೇಶದ ತುಂಬ ಇಂಥ ಎಷ್ಟು ಹೊಲಗಳಿದ್ದವೋ, ಎಷ್ಟು ಜನ ಎಷ್ಟು ತೆನೆ ಕಾದಿದ್ದರೋ.

ತಳಿ ಬಿಡುಗಡೆಯಾದ ವರ್ಷ ಬೀಜದ ಚೀಲಗಳನ್ನು ತುಂಬಿದ ಲಾರಿಗಳು ಸಾಲಾಗಿ ಗೇಟು ದಾಟಿದವು. ಶಿವದೇವಿ ಕೊನೆಯ ಲಾರಿಯ ಚೀಲದ ಮೇಲೆ ಕೈ ಇಟ್ಟು ನಿಂತಳು. ಉಡಿಯಲ್ಲಿ ಬಂದದ್ದು ಈಗ ಲಾರಿಯಲ್ಲೂ ಹಿಡಿಸುತ್ತಿರಲಿಲ್ಲ. ಆ ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್‌ಗೆ ಅವಳನ್ನು ಕರೆದುಕೊಂಡು ಹೋದೆ. ನಮ್ಮ ಮಳಿಗೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತೆನೆ ಇಟ್ಟು ಮೇಲೆ ದೀಪ ಹಾಕಿದ್ದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಕ್ಯಾ ಹೈ ಇಸ್ಮೆ, ಜವಾರಿಚ್ ತೋ ಹೈ," ಎಂದು ಮೂಗು ಮುರಿದು ಬಳೆ ಅಂಗಡಿಯ ಕಡೆ ಹೋದಳು. ಬರೀ ಜೋಳವಂತೆ. ನನಗೆ ರೇಗಿತು. ಶಿವದೇವಿ ನಕ್ಕಳು. "ಹೌದ್ರಿ ಬಾಯಾರ, ಜೋಳನ," ಎಂದು ಗಾಜಿಗೆ ಕೈ ಮುಗಿದಳು.

ಇಷ್ಟೆಲ್ಲ ಆದರೂ ಅವಳ ಮನಸ್ಸಿನ ಮುಳ್ಳು ಮನಸ್ಸಿನಲ್ಲೇ ಇತ್ತು. ಪ್ರತಿ ಚಳಿಗಾಲ ಹೊರಗಿನ ಯಾರದೋ ಹೊಲದಿಂದ ಎಳೆ ತೆನೆ ತಂದು, ಡಾಕ್ಟರ ಬಾಗಿಲಲ್ಲಿ ನಿಂತು, "ಸೀತನಿ ಸುಡ್ಲೇನ್ರಿ?" ಎಂದು ಕೇಳುವಳು. ಅವರು ಕನ್ನಡಕದ ಮೇಲಿನಿಂದ ನೋಡಿ, "ಈಗ ಬ್ಯಾಡವಾ, ಇನ್ನೂ ಹೊತ್ತೈತಿ," ಎನ್ನುವರು. ಸಿಟ್ಟಿನಿಂದಲ್ಲ. ಸುಟ್ಟ ಕಾಳು ಕಂಡರೆ ಆ ಮಧ್ಯಾಹ್ನ ನೆನಪಾಗಿ ಬಾಯಿಗೆ ಹಾಕಲು ಮನಸ್ಸಾಗುವುದಿಲ್ಲ ಎಂದು ನನಗೊಮ್ಮೆ ಹೇಳಿದ್ದರು. ಅವಳು ತೆನೆಗಳನ್ನು ಹೆಣ್ಣಾಳುಗಳಿಗೆ ಸುಟ್ಟು ಕೊಟ್ಟು, ತಾನು ಬರಿಗೈಯಲ್ಲಿ ಕೂಡುತ್ತಿದ್ದಳು. ಅವರ ಹಲ್ಲುಗಳ ಸದ್ದು ಕೇಳುತ್ತ ಕೂಡುವುದೇನು ಸುಲಭವೇ.

ಡಾಕ್ಟರು ಒಂದು ಜನವರಿಯ ಕೊನೆಯ ದಿನ ನಿವೃತ್ತರಾದರು. ಹೊಸ ಸಭಾಂಗಣದಲ್ಲಿ ಶಾಲು, ಹಾರ, ಭಾಷಣ. ನನ್ನ ಆ ವಾಕ್ಯ ಮೂವರ ಬಾಯಲ್ಲಿ ಬಂತು. ಡಾಕ್ಟರು ಸಭೆಯಲ್ಲಿ ಕಣ್ಣಾಡಿಸಿ, ಕೆಳಗಿಳಿದು ಬಂದ ಕೂಡಲೇ ನನ್ನನ್ನು ಕೇಳಿದರು: "ಶಿವದೇವಿ ಎಲ್ಲಿ?"

ಊರಿಗೆ ಹೋಗಿದ್ದಾಳೆ, ಎಂದೆ. ಅವರ ಮುಖ ಸಪ್ಪಗಾಯಿತು. ಇಂಥ ದಿನ ಇವಳಿಗೆ ಊರು ನೆನಪಾಯಿತೇ ಎಂದು ನನಗೂ ಸಿಟ್ಟು ಬಂದಿತ್ತು. ಅವರು ಹಾರ ತೆಗೆದು ನನ್ನ ಕೈಗೆ ಕೊಟ್ಟು, ಕೊನೆಯ ಸಲ ಹೊಲ ನೋಡಿ ಬರುತ್ತೇನೆಂದು ನಡೆದರು. ನಾನೂ ಜೊತೆಗೆ ಹೋದೆ.

ಬೇವಿನ ಮರದ ಕೆಳಗೆ ಹೊಗೆ ಏಳುತ್ತಿತ್ತು. ಸೂಗಪ್ಪ ಕುಳ್ಳು ಒಟ್ಟಿ ಕೆಂಡ ಮಾಡಿದ್ದ. ಶಿವದೇವಿಯ ಸೀರೆಯ ಮೇಲೆ ಇನ್ನೂ ಬಸ್ಸಿನ ಧೂಳು ಇತ್ತು. ಮುಂದೆ ಹಸಿ ಅರಿವೆಯಲ್ಲಿ ಸುತ್ತಿದ ತೆನೆಗಳ ಹೊರೆ. ಅವಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಡಾಕ್ಟರನ್ನು ಕಂಡು ಎದ್ದು ನಿಂತಳು. ಈ ಸಲ ಸುಡಲೇ ಎಂದು ಕೇಳಲಿಲ್ಲ, ಆಗಲೇ ಸುಟ್ಟು, ಉಜ್ಜಿ, ಮುತ್ತುಗದ ಎಲೆಗೆ ಹಾಕಿದ್ದಳು. ಎಲೆಯನ್ನು ಅವರತ್ತ ಚಾಚಿದಳು. ಅವರು ಇವತ್ತೂ ಬೇಡವೆಂದರೆ ಇನ್ನು ಅವಳಿಗೆ ಕೇಳಲು ಬಾಗಿಲೇ ಇರುವುದಿಲ್ಲ.

ಡಾಕ್ಟರು ಎಲೆಯನ್ನೇ ನೋಡುತ್ತ ನಿಂತರು. ಆಮೇಲೆ ಕೇಳಿದರು: "ಟೊಪ್ಪಿಗಿ ಹಾಕಿದ್ದವೇನವಾ?"

"ಇಲ್ರಿ ಸಾಹೇಬ್ರ. ನಮ್ಮ ತಮ್ಮನ ಹೊಲದವು, ಮಾನ್ವಿ ಕಡೇವು. ನಿಮ್ಮ ಜೋಳನ ಬಿತ್ಯಾನ್ರಿ. ಅವನೊಬ್ಬನ ಅಲ್ಲ, ಊರ ಅಗಸಿ ಬಾಗಲದಿಂದ ಹಳ್ಳದ ತನಕ ಅದ ಐತಿ. ನಾ ಎರಡು ದಿನ ತಿರುಗಿ ನೋಡ್ಕೊಂಡು ಬಂದೀನಿ. ಯಾರೂ ಟೊಪ್ಪಿಗಿ ಹಾಕಂಗಿಲ್ರಿ. ಹಕ್ಕಿ ತಿಂದಷ್ಟು ತಿಂತಾವ, ಹುಡುಗ್ರು ಸುಟ್ಟಷ್ಟು ಸುಡತಾರ. ಯಾರೂ ಕಾಯಂಗಿಲ್ಲ. ಆದ್ರೂ ಮುಗಿಯಂಗಿಲ್ರಿ ಅದು."

ಡಾಕ್ಟರು ಎಲೆ ತೆಗೆದುಕೊಂಡರು. ಒಂದು ಹಿಡಿ ಕಾಳು ಎತ್ತಿ, ಅಂಗೈಯಲ್ಲಿ ಹರಡಿ ನೋಡಿದರು. ಆ ಹಳೆಯ ದಿನದ ಹಾಗೆಯೇ ಅವರ ಕೈ ಅಂಗಿಯ ಜೇಬಿನ ಕಡೆ ಹೋಗತೊಡಗಿತು. ಕೈ ಅರ್ಧ ದಾರಿಯಲ್ಲಿ ನಿಂತು, ತಿರುಗಿ, ಬಾಯಿಗೆ ಹೋಯಿತು. ಅಗಿಯುತ್ತ ಅಗಿಯುತ್ತ ಅವರ ಕಣ್ಣಲ್ಲಿ ನೀರು ಇಳಿಯಿತು, ಅವರು ಒರೆಸಿಕೊಳ್ಳಲಿಲ್ಲ.

"ಬಾ, ಕೂಡು," ಎಂದು ಎಲೆಯನ್ನು ಅವಳ ಮುಂದೆ ಸರಿಸಿದರು.

ಶಿವದೇವಿ ಕೂತು, ಎಷ್ಟೋ ವರ್ಷಗಳ ಮೇಲೆ ಒಂದು ಹಿಡಿ ಸೀತನಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಹೊರೆಯಿಂದ ಇನ್ನೊಂದು ತೆನೆ ತೆಗೆದು ಕೆಂಡಕ್ಕೆ ಹಿಡಿದಳು.